ಹರ್ಪಿಸ್ ಪಾಸಿಟಿವ್ ಬಂತು, ಬಾಯಲ್ಲೂ ಏನೋ ಆಗಿದೆ: ಮೊದಲ ಕೆಲವು ವಾರ ನಿಭಾಯಿಸುವ ಬಗೆ

ಮೊಬೈಲಿಗೆ ಲ್ಯಾಬ್ ವರದಿ ಬಂದ ಹತ್ತು ನಿಮಿಷಕ್ಕೆ ಹೆಚ್ಚಿನವರು ಬಚ್ಚಲುಮನೆ ಕನ್ನಡಿ ಮುಂದೆ ನಿಂತು ಕೆಳದುಟಿ ಮಡಚಿ ನೋಡುತ್ತಿರುತ್ತಾರೆ. ಹಾಗೆ ಹುಡುಕಿದರೆ ಏನಾದರೊಂದು ಕಂಡೇ ಕಾಣುತ್ತದೆ. ಒಂದು ಬಿಳಿ ಚುಕ್ಕೆ, ಕೆನ್ನೆಯ ಒಳಗೊಂದು ಗೆರೆ, ನಾಲಿಗೆಯ ಬುಡದಲ್ಲಿ ಸಾಲಾಗಿ ಗುಳ್ಳೆ. ಇವೆಲ್ಲ ನಿನ್ನೆಯೂ ಇದ್ದವೇ? ಯಾರಿಗೆ ಗೊತ್ತು, ನಿನ್ನೆ ಯಾರೂ ನೋಡಿರಲಿಲ್ಲ. ಅಂದಹಾಗೆ ನಾಲಿಗೆ ಬುಡದ ಆ ಸಾಲು ಎಲ್ಲರಿಗೂ ಇರುತ್ತದೆ, ಅದು ರುಚಿ ಹಿಡಿಯುವ ಮೊಗ್ಗುಗಳ ಜಾಗ.

ಕನ್ನಡಿಯನ್ನು ಸ್ವಲ್ಪ ಹೊತ್ತು ಬಿಟ್ಟು, ವರದಿಯಿಂದಲೇ ಶುರು ಮಾಡಿ.

ವರದಿಯನ್ನು ಓದುವುದು

ಮೊದಲು ಹೆಸರಿನ ಗೊಂದಲ. ಹರ್ಪಿಸ್ ಸಿಂಪ್ಲೆಕ್ಸ್ ಬೇರೆ, ಹರ್ಪಿಸ್ ಜೋಸ್ಟರ್ ಬೇರೆ. ಜೋಸ್ಟರ್ ಅಂದರೆ ನಮ್ಮ ಸರ್ಪಸುತ್ತು. ಚಿಕ್ಕಂದಿನಲ್ಲಿ ‘ಅಮ್ಮ’ ಬಂದಾಗ ಒಳಗೆ ಉಳಿದ ಚಿಕನ್‌ಪಾಕ್ಸ್ ವೈರಸ್ ವರ್ಷಗಳ ಮೇಲೆ ಎದ್ದು, ಮೈಯ ಒಂದೇ ಬದಿಯಲ್ಲಿ ಪಟ್ಟಿಯಾಗಿ ಕಾಣಿಸಿಕೊಳ್ಳುವುದು. ಗ್ರೀಕಿನ ‘ಹರ್ಪಿಸ್’ ಮತ್ತು ಸಂಸ್ಕೃತದ ‘ಸರ್ಪ’ ಎರಡೂ ತೆವಳು ಎಂಬ ಒಂದೇ ಮೂಲದಿಂದ ಬಂದ ಮಾತುಗಳು, ಹಾಗಾಗಿ ಗೊಂದಲಕ್ಕೆ ಹಳೇ ಕಾರಣವೇ ಇದೆ ಅನ್ನಿ. ಎರಡಕ್ಕೂ ಅಸೈಕ್ಲೊವಿರ್ ಕೊಡುತ್ತಾರೆ, ಆದರೆ ಪ್ರಮಾಣ ಬೇರೆ: ಸರ್ಪಸುತ್ತಿಗೆ 800 ಮಿಲಿಗ್ರಾಂ ದಿನಕ್ಕೆ 5 ಸಲ, ಸಿಂಪ್ಲೆಕ್ಸ್‌ನ ಮೊದಲ ಸಲಕ್ಕೆ ಸಾಮಾನ್ಯವಾಗಿ 400 ಮಿಲಿಗ್ರಾಂ 3 ಸಲ. ಮಾವನಿಗೋ ಅಜ್ಜಿಗೋ ಬರೆದುಕೊಟ್ಟ ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋಗಬೇಡಿ.

ಸಿಂಪ್ಲೆಕ್ಸ್‌ನಲ್ಲಿ (ಚಿಕ್ಕದಾಗಿ ಎಚ್‌ಎಸ್‌ವಿ) ಎರಡು ಬಗೆ. ಎಚ್‌ಎಸ್‌ವಿ-1 ಹೆಚ್ಚಾಗಿ ತುಟಿ, ಬಾಯಿಯದು. ಎಚ್‌ಎಸ್‌ವಿ-2 ಹೆಚ್ಚಾಗಿ ಜನನಾಂಗದ್ದು. ಬಾಯಿಯ ಮೂಲಕ ನಡೆಸುವ ಲೈಂಗಿಕ ಕ್ರಿಯೆಯಲ್ಲಿ ಒಂದನೆಯದು ಕೆಳಗೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನವರಲ್ಲಿ ಸುಮಾರು ಮೂವರಿಗೆ ಇಬ್ಬರ ಮೈಯಲ್ಲಿ ಎಚ್‌ಎಸ್‌ವಿ-1 ಇದೆ. ಬಹುಪಾಲು ಜನಕ್ಕೆ ಅದು ಬಂದದ್ದು ಮಕ್ಕಳಾಗಿದ್ದಾಗ, ಮನೆಯವರ ಮುದ್ದಿನಿಂದ. ನೆಗಡಿ, ಜ್ವರ ಬಂದು ಹೋದ ಮೇಲೆ ತುಟಿಯಂಚಿನಲ್ಲಿ ಏಳುವ, ನಾವು ‘ಉಷ್ಣ ಆಗಿದೆ’ ಎಂದು ತಳ್ಳಿಹಾಕುವ ನೀರುಗುಳ್ಳೆ ಇದೇ.

ಇನ್ನು ಯಾವ ಪರೀಕ್ಷೆ ಮಾಡಿದ್ದಾರೆ ನೋಡಿ. ಗುಳ್ಳೆಯ ಬುಡದಿಂದ ಕಡ್ಡಿಯಲ್ಲಿ ಒರೆಸಿ ತೆಗೆದ ಸ್ವ್ಯಾಬ್‌ಗೆ ಪಿಸಿಆರ್ ಮಾಡಿ ಪಾಸಿಟಿವ್ ಬಂದಿದ್ದರೆ ಮಾತು ಮುಗಿಯಿತು: ಆ ಜಾಗದಲ್ಲಿ ವೈರಸ್ ಇದೆ, ಯಾವ ಬಗೆ ಎಂಬುದೂ ಅದರಲ್ಲೇ ಇರುತ್ತದೆ. ಟ್ಜಾಂಕ್ ಸ್ಮಿಯರ್ ಎಂದು ಬರೆದಿದ್ದರೆ ಅದು ಸೂಕ್ಷ್ಮದರ್ಶಕದ ಹಳೇ ವಿಧಾನ. ಖರ್ಚು ಕಡಿಮೆ, ಬೇಗ ಆಗುತ್ತದೆ, ಆದರೆ ಸಿಂಪ್ಲೆಕ್ಸ್ ಯಾವುದು, ಸರ್ಪಸುತ್ತು ಯಾವುದು ಎಂದು ಬೇರ್ಪಡಿಸಲಾರದು.

ರಕ್ತ ಪರೀಕ್ಷೆಯಾಗಿದ್ದರೆ ನಿಧಾನವಾಗಿ ಓದಿ. ಇಲ್ಲೇ ಜನ ಅತಿ ಹೆಚ್ಚು ಎಡವುವುದು. ಐಜಿಎಂ, ಐಜಿಜಿ ಎರಡೂ ಸೋಂಕಿನ ಎದುರು ಮೈ ಮಾಡಿಕೊಳ್ಳುವ ಪ್ರತಿಕಾಯಗಳು. ಐಜಿಎಂ ಪಾಸಿಟಿವ್ ಎಂಬ ಸಾಲನ್ನು ಲೆಕ್ಕಕ್ಕೇ ಹಿಡಿಯಬೇಡಿ. ಅದು ಹಳೇ ಸೋಂಕು ಮರುಕಳಿಸಿದಾಗಲೂ ಬರುತ್ತದೆ, ಬೇರೆ ವೈರಸ್‌ಗಳಿಗೂ ಬರುತ್ತದೆ. ‘ಹೊಸದಾಗಿ ಅಂಟಿದೆ’ ಎಂದು ಅದರಿಂದ ಹೇಳಲಾಗದು. ಗರ್ಭಿಣಿಯರಿಗೆ ಹಲವು ಸೋಂಕುಗಳನ್ನು ಒಟ್ಟಿಗೆ ನೋಡಲು ಮಾಡುವ ‘ಟಾರ್ಚ್’ ಎಂಬ ರಕ್ತ ಪರೀಕ್ಷೆಯಲ್ಲಿ ಈ ಸಾಲು ಕಂಡು ಎಷ್ಟೋ ಮನೆಗಳಲ್ಲಿ ಸುಮ್ಮನೆ ರಂಪವಾಗುತ್ತದೆ. ಐಜಿಜಿ ಇದ್ದರೆ 1 ಮತ್ತು 2 ಬೇರೆ ಬೇರೆ ಕೊಟ್ಟಿದ್ದಾರೋ, ‘1+2’ ಎಂದು ಒಟ್ಟಿಗೆ ಹಾಕಿದ್ದಾರೋ ನೋಡಿ. ಒಟ್ಟಿಗೆ ಹಾಕಿದ ವರದಿಯಿಂದ ನಿಮಗೆ ತಿಳಿಯುವುದು ಬಹಳ ಕಡಿಮೆ. ಬೇರೆ ಬೇರೆ ಇದ್ದು, ಎಚ್‌ಎಸ್‌ವಿ-2ರ ಎದುರಿನ ಇಂಡೆಕ್ಸ್ 1.1ರಿಂದ 3ರ ಒಳಗಿದ್ದರೆ ಅದು ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ಸಾಕಷ್ಟಿದೆ. ಬೇರೊಂದು ವಿಧಾನದಲ್ಲಿ ಮತ್ತೆ ಪರೀಕ್ಷಿಸದೆ ಅದನ್ನು ರೋಗನಿರ್ಣಯ ಅನ್ನಬಾರದು. ಸೋಂಕು ತಗುಲಿ ಐಜಿಜಿ ಮೂಡಲು 12ರಿಂದ 16 ವಾರದವರೆಗೂ ಹಿಡಿಯಬಹುದು, ಹಾಗಾಗಿ ಹೋದ ವಾರದ ಭಯಕ್ಕೆ ಈ ವಾರದ ರಕ್ತ ಉತ್ತರ ಕೊಡುವುದಿಲ್ಲ.

ಎಷ್ಟೇ ಒಳ್ಳೆಯ ರಕ್ತ ಪರೀಕ್ಷೆಯಾದರೂ ವೈರಸ್ ಮೈಯಲ್ಲಿ ಎಲ್ಲಿದೆ ಎಂದು ಹೇಳದು. ಬಾಯಲ್ಲೋ ಕೆಳಗೋ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಸ್ವ್ಯಾಬ್ ಮಾತ್ರ. ಯಾವಾಗ ಬಂತು, ಯಾರಿಂದ ಬಂತು ಎಂಬುದಕ್ಕೂ ರಕ್ತದಲ್ಲಿ ಉತ್ತರವಿಲ್ಲ. ಮೊದಲ ಗುಳ್ಳೆ ಸಾಮಾನ್ಯವಾಗಿ ಸೋಂಕು ತಗುಲಿದ 2ರಿಂದ 12 ದಿನದೊಳಗೆ ಏಳುತ್ತದೆ ನಿಜ, ಆದರೆ ಅನೇಕರಿಗೆ ಮೊದಲ ಸಲ ಗೊತ್ತೇ ಆಗದೆ ಹೋಗಿ, ಕಣ್ಣಿಗೆ ಕಾಣುವ ಗುಳ್ಳೆ ವರ್ಷಗಳಾದ ಮೇಲೆ ಬರುತ್ತದೆ. ಇದು ತಿಳಿಯದೆ, ಮದುವೆಯಾಗಿ ಆರು ವರ್ಷವಾದ ಮೇಲೆ ಗಂಡನೋ ಹೆಂಡತಿಯೋ ‘ಯಾರ ಹತ್ತಿರ ಹೋಗಿದ್ದೆ’ ಎಂದು ಶುರುಮಾಡುತ್ತಾರೆ. ವರದಿ ಅಂಥ ಸಾಕ್ಷಿ ಹೇಳುವುದಿಲ್ಲ.

ತಡ ಮಾಡಬಾರದ ಸಂದರ್ಭಗಳು

ಕಣ್ಣು ಕೆಂಪಾಗಿ ನೋವು, ಬೆಳಕು ನೋಡಲಾಗದಿರುವುದು, ರೆಪ್ಪೆಯ ಮೇಲೆ ಗುಳ್ಳೆ: ಅದೇ ದಿನ ಕಣ್ಣಿನ ಆಸ್ಪತ್ರೆ, ಬೆಂಗಳೂರಿನಲ್ಲಿ ಸರ್ಕಾರಿ ಅಂದರೆ ಮಿಂಟೊ. ಅಲ್ಲಿಗೆ ಮುಟ್ಟುವವರೆಗೆ ಮನೆಯಲ್ಲಿರುವ ಯಾವ ಕಣ್ಣಿನ ಡ್ರಾಪ್ಸೂ ಹಾಕಬೇಡಿ, ಸ್ಟಿರಾಯ್ಡ್ ಡ್ರಾಪ್ಸ್ ಆಗಿದ್ದರೆ ಕಾರ್ನಿಯಾ ಹಾಳಾಗುತ್ತದೆ. ಮೂತ್ರ ಕಟ್ಟಿಕೊಂಡರೆ, ತಲೆ ಸಿಡಿದು ಕತ್ತು ಬಿಗಿದರೆ, ಮಾತು ಅಥವಾ ನಡವಳಿಕೆ ತಪ್ಪಿದರೆ, ಫಿಟ್ಸ್ ಬಂದರೆ, ಬಾಯಿನೋವಿಗೆ ನೀರೂ ಇಳಿಯದಿದ್ದರೆ ತುರ್ತು ವಿಭಾಗ. ಗರ್ಭಿಣಿಯರು, ಎಚ್‌ಐವಿ ಇರುವವರು, ಕೀಮೋ ಅಥವಾ ಕಸಿಯ ಔಷಧದಲ್ಲಿರುವವರು, ಮೈತುಂಬ ಎಕ್ಸಿಮಾ ಇರುವವರು ಮನೆಮದ್ದಿನಲ್ಲಿ ಒಂದು ದಿನವನ್ನೂ ಕಳೆಯಬಾರದು.

ಬಾಯಲ್ಲಿರುವುದು ಅದೇನಾ?

ಇದನ್ನು ತೀರ್ಮಾನಿಸಲು ಬಣ್ಣಕ್ಕಿಂತ ಜಾಗ ಮುಖ್ಯ. ಕೈ ತೊಳೆದು, ನಾಲಿಗೆಯ ತುದಿಯಿಂದ ಹುಣ್ಣಿನ ಪಕ್ಕದ ಭಾಗವನ್ನು ಮೆಲ್ಲಗೆ ತಳ್ಳಿ. ಅಲುಗಾಡುವ ಮೆತ್ತನೆಯ ಭಾಗವೋ, ಮೂಳೆಗೆ ಅಂಟಿಕೊಂಡ ಗಟ್ಟಿ ಭಾಗವೋ? ಕೆನ್ನೆಯ ಒಳಬದಿ, ತುಟಿಯ ಒಳಮೈ, ನಾಲಿಗೆಯ ಅಡಿ, ಕಿರುನಾಲಿಗೆಯ ಹತ್ತಿರದ ಮೆತ್ತನೆ ಅಂಗುಳ ಇವು ಅಲುಗಾಡುವವು. ಅಲ್ಲಿ ಆಗುವುದು ಬಹುಪಾಲು ಮಾಮೂಲಿ ಬಾಯಿಹುಣ್ಣು, ವೈದ್ಯರು ಆಫ್ತಸ್ ಅಲ್ಸರ್ ಅನ್ನುತ್ತಾರೆ. ಅದು ಸೋಂಕಲ್ಲ, ಯಾರಿಗೂ ಅಂಟದು. ಮರುಕಳಿಸುವ ಹರ್ಪಿಸ್ ಕೂರುವುದು ತುಟಿಯ ಹೊರಗಡೆ ಬಣ್ಣ ಬದಲಾಗುವ ಗೆರೆಯ ಮೇಲೆ. ಬಾಯೊಳಗಾದರೆ ಹಲ್ಲಿಗಂಟಿದ ಗಟ್ಟಿ ಒಸಡಿನಲ್ಲಿ ಅಥವಾ ಮೇಲಿನ ಗಟ್ಟಿ ಅಂಗುಳದಲ್ಲಿ. ಈ ಭೇದ ರೋಗನಿರೋಧಕ ಶಕ್ತಿ ಚೆನ್ನಾಗಿರುವವರಿಗೆ, ಮರುಕಳಿಸುವ ಹುಣ್ಣಿಗೆ ಮಾತ್ರ ಅನ್ವಯಿಸುತ್ತದೆ. ಜೀವನದ ಮೊದಲ ಬಾಯಿ ಹರ್ಪಿಸ್ ಈ ಗೆರೆ ನೋಡುವುದಿಲ್ಲ.

ಆ ಮೊದಲ ಸಲ ಲಕ್ಷಣ ತೋರಿಸಿಕೊಂಡೇ ಬಂದರೆ, ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುವ ಹಾಗೇ ಇರುವುದಿಲ್ಲ. ಜ್ವರ, ಕುತ್ತಿಗೆಯಲ್ಲಿ ಗಂಟು, ಒಸಡೆಲ್ಲ ಊದಿ ಕೆಂಪಾಗಿ ಬ್ರಷ್ ತಾಗಿದರೆ ರಕ್ತ, ಬಾಯಿತುಂಬ ಹತ್ತಾರು ಪುಟ್ಟ ಹುಣ್ಣು. ಒಂದೇ ಒಂದು ಹುಣ್ಣು, ಜ್ವರ ಇಲ್ಲ, ಒಸಡು ಸರಿಯಾಗಿದೆ ಅಂದರೆ ಅದನ್ನು ಮೊದಲ ಸೋಂಕು ಎಂದು ಓದುವುದು ಕಷ್ಟ.

ಎರಡನೆಯದು, ಶುರುವಾದ ರೀತಿ. ತುಟಿಯ ಹರ್ಪಿಸ್ ಬರುವ ಮುನ್ನ ಕೆಲವು ಗಂಟೆಯಿಂದ ಒಂದು ದಿನದ ತನಕ ಒಂದೇ ಬಿಂದುವಿನಲ್ಲಿ ಚುರುಚುರು ಅನ್ನುತ್ತದೆ. ಆಮೇಲೆ ಕೆಂಪು, ಅದರ ಮೇಲೆ ಗುಂಪಾಗಿ ನೀರುಗುಳ್ಳೆ, ಎರಡು ಮೂರು ದಿನಕ್ಕೆ ಒಡೆದು ಜೇನುಬಣ್ಣದ ಹಕ್ಕಳೆ, 7ರಿಂದ 10 ದಿನಕ್ಕೆ ಒಣಗಿ ಉದುರುತ್ತದೆ. ಮಾಮೂಲಿ ಬಾಯಿಹುಣ್ಣಿಗೆ ನೀರುಗುಳ್ಳೆಯ ಹಂತವೇ ಇಲ್ಲ. ಶುರುವಿನಿಂದಲೇ ಗುಂಡಗಿನ ಹಳ್ಳ, ನಡುವೆ ಹಳದಿ ಬಿಳಿ, ಸುತ್ತ ಕೆಂಪು ಉಂಗುರ. ಉಪ್ಪಿನಕಾಯಿ ತಾಗಿದರೆ ಜೀವ ಹೋಗುವಷ್ಟು ಉರಿ.

ಮಿಕ್ಕವನ್ನು ಬೇಗ ಹೇಳಿಬಿಡುತ್ತೇವೆ. ತುಟಿಯ ಮೇಲೆ, ಕೆನ್ನೆಯೊಳಗೆ ಸಾಸಿವೆಗಿಂತ ಸಣ್ಣ, ನೋವಿಲ್ಲದ, ತಿಂಗಳಾದರೂ ಹಾಗೇ ಇರುವ ಹಳದಿ ಚುಕ್ಕೆಗಳು ಫೋರ್ಡೈಸ್ ಗ್ರಂಥಿಗಳು, ರೋಗವಲ್ಲ. ಬಾಯಿಯ ಎರಡೂ ಮೂಲೆ ಸೀಳಿ ಉರಿಯುವುದು ಬಹುತೇಕ ಫಂಗಸ್ ಅಥವಾ ಕಬ್ಬಿಣ, ಬಿ ವಿಟಮಿನ್‌ಗಳ ಕೊರತೆ. ನಾಲಿಗೆ ತುದಿಯಲ್ಲಿ ಒಂದೇ ಚುಚ್ಚುವ ಬಿಳಿ ಕಾಳು ಎರಡು ಮೂರು ದಿನಕ್ಕೆ ತಾನೇ ಹೋಗುತ್ತದೆ. ಬಿಸಿ ಬಜ್ಜಿ ಅಥವಾ ಸುಡುವ ಕಾಫಿ ಅಂಗುಳವನ್ನು ಸುಟ್ಟರೆ ಮರುದಿನ ಸಿಪ್ಪೆ ಏಳುತ್ತದೆ. ಇದು ಗಟ್ಟಿ ಅಂಗುಳದಲ್ಲೇ ಆಗುವುದರಿಂದ ಹರ್ಪಿಸ್ ಅನಿಸಿ ಹೆದರಿಸುತ್ತದೆ, ಹಿಂದಿನ ದಿನ ಏನು ತಿಂದಿರಿ ನೆನಪಿಸಿಕೊಳ್ಳಿ. ಎಲೆಯಡಿಕೆಯ ಸುಣ್ಣ ಹೆಚ್ಚಾದರೆ ಕೆನ್ನೆ ಬೆಳ್ಳಗೆ ಸುಡುತ್ತದೆ. ಆ್ಯಂಟಿಬಯಾಟಿಕ್ ಮುಗಿಸಿದ ಮೇಲೆ ಒರೆಸಿದರೆ ಬರುವ ಬಿಳಿ ಪದರ ಕ್ಯಾಂಡಿಡಾ ಎಂಬ ಫಂಗಸ್. ಪದೇಪದೇ ಬಾಯಿಹುಣ್ಣಾಗುವ ಸಸ್ಯಾಹಾರಿಗಳು ಬಿ12, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ), ಹಿಮೋಗ್ಲೋಬಿನ್ ಒಮ್ಮೆ ನೋಡಿಸಿಕೊಳ್ಳುವುದು ಹರ್ಪಿಸ್ ಪರೀಕ್ಷೆಯನ್ನು ಮೂರನೇ ಸಲ ಮಾಡಿಸುವುದಕ್ಕಿಂತ ಲಾಭದ ಕೆಲಸ.

ಎರಡಕ್ಕೆ ಮಾತ್ರ ಎಚ್ಚರ ಬೇಕು. ನೋವೇ ಇಲ್ಲದ, ಅಂಚು ಗಟ್ಟಿಯಾದ ಒಂಟಿ ಹುಣ್ಣು ಸಿಫಿಲಿಸ್ ಇರಬಹುದು. ಮತ್ತು ಯಾವುದೇ ಹುಣ್ಣು ಎರಡು ವಾರ ದಾಟಿದರೆ, ಅದರಲ್ಲೂ ಗುಟ್ಕಾ, ಹೊಗೆಸೊಪ್ಪು, ಸಿಗರೇಟಿನ ಅಭ್ಯಾಸವಿದ್ದರೆ, ಹರ್ಪಿಸ್ ಮಾತು ಬಿಟ್ಟು ಬಾಯಿ ಕ್ಯಾನ್ಸರ್ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಕೋಟೆ ಪ್ರದೇಶದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇಂಥದ್ದಕ್ಕೆ ಸರಿಯಾದ ಜಾಗ. ದಂತ ಕಾಲೇಜುಗಳಲ್ಲಿ ಓರಲ್ ಮೆಡಿಸಿನ್ ಎಂಬ ವಿಭಾಗವೇ ಇರುತ್ತದೆ, ಹಲ್ಲು ಕೀಳುವ ಸಾಲಿನಲ್ಲಿ ನಿಲ್ಲದೆ ಅದನ್ನೇ ಕೇಳಿ.

ಕೆಳಗೆ ಎಚ್‌ಎಸ್‌ವಿ-2 ಎಂದು ಸ್ವ್ಯಾಬ್‌ನಲ್ಲಿ ಬಂದವರಿಗೆ ಒಂದು ಮಾತು. ಆ ಬಗೆ ಬಾಯಲ್ಲಿ ಮರುಕಳಿಸುವುದು ಅಪರೂಪ. ರೋಗನಿರ್ಣಯದ ತಿಂಗಳಲ್ಲಿ ಬಾಯಲ್ಲಿ ಹುಣ್ಣಾದರೆ ನಿದ್ದೆಗೆಟ್ಟ, ಊಟ ಬಿಟ್ಟ, ಕೆನ್ನೆ ಕಚ್ಚಿಕೊಂಡ ಬಾಯಿಯಲ್ಲಿ ಆಗುವ ಮಾಮೂಲಿ ಹುಣ್ಣೇ ಇರುವ ಸಂಭವ ಹೆಚ್ಚು. ಒಂದು ಜಾಗದಿಂದ ಇನ್ನೊಂದಕ್ಕೆ ತಾವೇ ಹಚ್ಚಿಕೊಳ್ಳುವುದು ಮುಖ್ಯವಾಗಿ ಮೊದಲ ಸೋಂಕಿನ ವಾರಗಳಲ್ಲಿ, ಮೈ ಇನ್ನೂ ಪ್ರತಿಕಾಯ ಮಾಡಿಕೊಂಡಿರದ ಕಾಲದಲ್ಲಿ. ಹಾಗಾಗಿ ಆ ಅವಧಿಯಲ್ಲಿ ಗುಳ್ಳೆ ಮುಟ್ಟಿದರೆ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ, ಉಗುರು ಕಡಿಯಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಬಿಟ್ಟು ಕನ್ನಡಕ ಹಾಕಿ. ಆಮೇಲಾಮೇಲೆ ಈ ಅಪಾಯ ತೀರಾ ಕಡಿಮೆಯಾಗುತ್ತದೆ.

ಚುರುಚುರು ಮಾತ್ರ ಇದ್ದು ಏನೂ ಕಾಣದಿದ್ದರೆ? ಆತಂಕದ ಚುರುಚುರು ಊರೂರು ಅಲೆಯುತ್ತದೆ: ಬೆಳಗ್ಗೆ ನಾಲಿಗೆ, ಮಧ್ಯಾಹ್ನ ತುಟಿಯ ಎರಡೂ ಬದಿ, ರಾತ್ರಿ ಗದ್ದ. ಹರ್ಪಿಸ್‌ದು ಒಂದೇ ಕಡೆ ಕೂತು ಒಂದೆರಡು ದಿನದಲ್ಲಿ ಗುರುತು ತೋರಿಸುತ್ತದೆ. 48 ಗಂಟೆ ಕಳೆದೂ ಚರ್ಮದಲ್ಲಿ ಏನೂ ಏಳದಿದ್ದರೆ ಅದನ್ನು ಪಟ್ಟಿಯಿಂದ ಹೊಡೆದುಹಾಕಿ. ಪಟ್ಟಿ ಅಂದೆವು: ಫೋನಿನಲ್ಲಿ ಒಂದು ನೋಟ್ ಇಟ್ಟು ದಿನಾಂಕ, ಜಾಗ, ಶುರುವಾದ ರೀತಿ, ಎಷ್ಟು, ಎಂದು ಹೋಯಿತು ಇಷ್ಟೇ ಬರೆಯಿರಿ. ನೋಡುವುದು ದಿನಕ್ಕೆ ಒಮ್ಮೆ, ಬೆಳಗ್ಗೆ ಹಲ್ಲುಜ್ಜಿದ ಮೇಲೆ, ಕಿಟಕಿಯ ಬೆಳಕಿನಲ್ಲಿ. ಟಾರ್ಚ್ ಹಾಕಿ ಹತ್ತು ಸಲ ತುಟಿ ಎಳೆದರೆ ಎಳೆದದ್ದಕ್ಕೇ ಕೆಂಪಾಗುತ್ತದೆ. ಮೌತ್‌ವಾಶ್‌ನಿಂದ ದಿನಕ್ಕೆ ಐದಾರು ಸಲ ಮುಕ್ಕಳಿಸುವವರ ಕೆನ್ನೆ ಸಿಪ್ಪೆ ಸುಲಿಯುತ್ತದೆ, ಆಮೇಲೆ ಅದಕ್ಕೂ ಹೆದರುತ್ತಾರೆ.

ಸ್ವ್ಯಾಬ್‌ಗೆ ಮೊದಲೇ ತಯಾರಿ

ಗುಳ್ಳೆ ಎದ್ದ ಮೇಲೆ ಲ್ಯಾಬ್ ಹುಡುಕಲು ಹೊರಟರೆ ತಡವಾಗುತ್ತದೆ. ಸ್ವ್ಯಾಬ್ ಸರಿಯಾಗಿ ಸಿಗುವುದು ಮೊದಲ 48 ಗಂಟೆಯಲ್ಲಿ, ನೀರುಗುಳ್ಳೆ ಅಥವಾ ಹಸಿ ಹುಣ್ಣು ಇರುವಾಗ. ಹಕ್ಕಳೆಗಟ್ಟಿದ ಮೇಲೆ ತೆಗೆದ ಸ್ವ್ಯಾಬ್ ನೆಗೆಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ. ಆದ್ದರಿಂದ ಈಗಲೇ, ಏನೂ ಇಲ್ಲದಾಗಲೇ, ನಿಮ್ಮ ಹತ್ತಿರದ ದೊಡ್ಡ ಲ್ಯಾಬ್‌ಗೆ ಫೋನ್ ಮಾಡಿ ಕೇಳಿಟ್ಟುಕೊಳ್ಳಿ: ‘ಎಚ್‌ಎಸ್‌ವಿ 1 ಮತ್ತು 2 ಪಿಸಿಆರ್, ಗುಳ್ಳೆಯ ಸ್ವ್ಯಾಬ್‌ನಿಂದ ಮಾಡ್ತೀರಾ? ನೀವೇ ತೆಗೀತೀರಾ, ಡಾಕ್ಟರ್ ತೆಗೆದು ಕಳಿಸಬೇಕಾ? ಯಾವ ಟ್ಯೂಬ್?’ ಫೋನೆತ್ತಿದವರು ರಕ್ತ ಪರೀಕ್ಷೆಯನ್ನೇ ಹೇಳುವ ಸಂಭವ ಜಾಸ್ತಿ, ‘ರಕ್ತ ಅಲ್ಲ, ಸ್ವ್ಯಾಬ್’ ಎಂದು ಎರಡು ಸಲ ಹೇಳಿ. ಅನೇಕ ಕ್ಲಿನಿಕ್‌ಗಳಲ್ಲಿ ಕಡ್ಡಿ, ಟ್ಯೂಬ್ ಇರುವುದಿಲ್ಲ; ಲ್ಯಾಬ್‌ನಿಂದ ಪಡೆದು ಡಾಕ್ಟರ ಬಳಿ ಒಯ್ಯಬೇಕಾಗಬಹುದು. ಗುಳ್ಳೆಯ ಮೇಲಿನ ಪದರ ಒಡೆದು ಬುಡವನ್ನು ಉಜ್ಜಿ ತೆಗೆಯಬೇಕು, ಸ್ವಲ್ಪ ನೋಯುತ್ತದೆ. ನೋಯದ ಹಾಗೆ ಮೇಲೆ ಮೇಲೆ ಸವರಿದ ಸ್ವ್ಯಾಬ್‌ನಲ್ಲಿ ವೈರಸ್ ಸಿಗದೆ ಹೋಗುತ್ತದೆ.

ಇನ್ನೊಂದು ವಿಷಯ, ಚಿಕ್ಕದಾದರೂ ಮನೆಗಳನ್ನು ಕದಡಿದ್ದು. ಆ್ಯಪ್‌ನಲ್ಲಿ ಬುಕ್ ಮಾಡಿದರೆ ವರದಿ ನೋಂದಾಯಿಸಿದ ಮೊಬೈಲ್‌ಗೆ ಹೋಗುತ್ತದೆ. ಮನೆಯವರೆಲ್ಲ ಅಪ್ಪನ ನಂಬರಿನ ಒಂದೇ ಖಾತೆ ಬಳಸುತ್ತಿದ್ದರೆ ವರದಿ ಅಪ್ಪನ ವಾಟ್ಸ್‌ಆ್ಯಪ್‌ಗೆ ಬಂದು ಕೂರುತ್ತದೆ. ನಿಮ್ಮ ನಂಬರಿನಲ್ಲಿ ಹೊಸ ಖಾತೆ ತೆರೆಯಿರಿ.

ಯಾವ ಡಾಕ್ಟರ್, ಯಾವ ಔಷಧ

ನಮ್ಮಲ್ಲಿ ಚರ್ಮರೋಗ ತಜ್ಞರೇ ಲೈಂಗಿಕ ರೋಗ ತಜ್ಞರೂ ಹೌದು, ಓದಿದ ಪದವಿ ಒಂದೇ. ಆದರೂ ಜಯನಗರ, ಇಂದಿರಾನಗರದ ಕೂದಲು-ಲೇಸರ್ ಬೋರ್ಡಿನ ಕ್ಲಿನಿಕ್‌ಗೆ ಹೋಗುವ ಮುನ್ನ ‘ಎಸ್‌ಟಿಐ (ಲೈಂಗಿಕವಾಗಿ ಹರಡುವ ಸೋಂಕು) ನೋಡ್ತಾರಾ’ ಎಂದು ಫೋನಿನಲ್ಲಿ ಕೇಳಿಬಿಡಿ. ಸರ್ಕಾರಿಯಲ್ಲಿ ವಿಕ್ಟೋರಿಯಾ ಮತ್ತು ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳಿವೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ನಡೆಯುವ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಔಷಧ ಉಚಿತ, ಬಣ್ಣದ ಕಿಟ್‌ಗಳಲ್ಲಿ ಬರುತ್ತದೆ. ಜನನಾಂಗದ ಹರ್ಪಿಸ್‌ನದು ಕೆಂಪು ಕಿಟ್: ಅಸೈಕ್ಲೊವಿರ್ 400 ಮಿಲಿಗ್ರಾಂ, ದಿನಕ್ಕೆ 3, 7 ದಿನ, ಒಟ್ಟು 21 ಮಾತ್ರೆ. ಎಲ್ಲಿ ಹತ್ತಿರ ಎಂದು 1097ಕ್ಕೆ ಉಚಿತ ಕರೆ ಮಾಡಿ ಕೇಳಬಹುದು.

ಖಾಸಗಿಯಲ್ಲಿ ವಾಲಸೈಕ್ಲೊವಿರ್ ಬರೆಯುವುದು ಹೆಚ್ಚು, ಯಾಕೆಂದರೆ ದಿನಕ್ಕೆ ಎರಡೇ ಹೊತ್ತು. ಮೊದಲ ಸಲಕ್ಕೆ 1 ಗ್ರಾಂ ದಿನಕ್ಕೆ 2 ಸಲ, 7ರಿಂದ 10 ದಿನ. ಎರಡೂ ಒಂದೇ ಕೆಲಸ ಮಾಡುತ್ತವೆ. ದುಡ್ಡು ಮುಖ್ಯವಾದರೆ ಜೆನೆರಿಕ್ ಅಸೈಕ್ಲೊವಿರ್ ಕೇಳಿ, ಮಧ್ಯಾಹ್ನದ ಮಾತ್ರೆಗೆ ಅಲಾರಂ ಇಡಿ. ಆಫೀಸಿನಲ್ಲಿ ತಪ್ಪಿಹೋಗುವುದು ಆ ಮಾತ್ರೆಯೇ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ಮೊದಲ ಸಲ ಹೊಸ ಗುಳ್ಳೆ ಇನ್ನೂ ಏಳುತ್ತಿದ್ದರೆ ತಡವಾದರೂ ಶುರು ಮಾಡುತ್ತಾರೆ. ನೀರು ಚೆನ್ನಾಗಿ ಕುಡಿಯಿರಿ. ಮೂತ್ರಪಿಂಡದ ತೊಂದರೆಯಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಪ್ರಮಾಣ ಇಳಿಸಬೇಕಾಗುತ್ತದೆ. ಮಾತ್ರೆ ವೈರಸ್ಸನ್ನು ಓಡಿಸುವುದಿಲ್ಲ. ವೈರಸ್ ನರಗಂಟಿನಲ್ಲಿ ಹೋಗಿ ಮಲಗುತ್ತದೆ, ಬಾಯಿಯದು ಕಿವಿಯ ಮುಂದಿನ ಆಳದಲ್ಲಿ, ಕೆಳಗಿನದು ಬೆನ್ನೆಲುಬಿನ ಬುಡದಲ್ಲಿ. ‘ಬೇರುಸಮೇತ ಗುಣ’ ಎಂಬ ಜಾಹೀರಾತಿಗೆ ಹಣ ಕಟ್ಟಬೇಡಿ.

ಅದೇ ಭೇಟಿಯಲ್ಲಿ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಪರೀಕ್ಷೆಯನ್ನೂ ಮಾಡಿಸಿ. ಎಚ್‌ಎಸ್‌ವಿ-2 ಇದ್ದರೆ ಎಚ್‌ಐವಿ ತಗುಲುವ ಅಪಾಯ ಸುಮಾರು ಮೂರು ಪಟ್ಟು.

ಮೆಡಿಕಲ್ ಶಾಪಿನವರು ಕೌಂಟರಿನಲ್ಲೇ ಕೊಡುವ ಎರಡನ್ನು ಬೇಡ ಅನ್ನಿ. ಒಂದು, ಆ್ಯಂಟಿಬಯಾಟಿಕ್, ಫಂಗಸ್ ಮದ್ದು, ಸ್ಟಿರಾಯ್ಡ್ ಮೂರನ್ನೂ ಬೆರೆಸಿದ ಮುಲಾಮು. ಎರಡು, ಬಾಯಿಹುಣ್ಣಿಗೆ ಹಚ್ಚುವ ಸ್ಟಿರಾಯ್ಡ್ ಪೇಸ್ಟ್; ಮಾಮೂಲಿ ಹುಣ್ಣಿಗೆ ಅದು ಒಳ್ಳೆಯದೇ, ಆದರೆ ಹರ್ಪಿಸ್ ಆಗಿದ್ದರೆ ಹರಡುತ್ತದೆ. ಹುಣ್ಣು ಯಾವುದೆಂದು ಗೊತ್ತಿಲ್ಲದಿದ್ದಾಗ ಪೇಸ್ಟ್ ಮುಟ್ಟಬೇಡಿ. ಸುಣ್ಣ, ಟೂತ್‌ಪೇಸ್ಟ್, ನಿಂಬೆರಸ ಹಚ್ಚಿದರೆ ಸುಟ್ಟಗಾಯ ಸೇರುತ್ತದೆ, ಆಮೇಲೆ ಡಾಕ್ಟರಿಗೂ ಗುರುತು ಸಿಗುವುದಿಲ್ಲ.

ಉರಿಯ ದಿನಗಳು

ಮೊದಲ ಸಲ ಎರಡು ಮೂರು ವಾರ ಹಿಡಿಯಬಹುದು, ಮುಂದಿನವು ಚಿಕ್ಕವು. ನೋವಿಗೆ ಪ್ಯಾರಸಿಟಮಾಲ್ 650, ಆರು ಗಂಟೆಗೊಂದು, ದಿನಕ್ಕೆ ನಾಲ್ಕು ದಾಟದಂತೆ. ಕೆಳಗಿನ ಹುಣ್ಣಿಗೆ ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು, ಒಂದು ಚಿಟಿಕೆ ಉಪ್ಪು, ಹತ್ತು ನಿಮಿಷ ಕೂತು ಒತ್ತಿ ಒರೆಸಿ, ಉಜ್ಜಬೇಡಿ. ಮೂತ್ರ ಮಾಡುವಾಗ ಉರಿ ತಡೆಯದಿದ್ದರೆ ಅದೇ ಹೊತ್ತಿಗೆ ಚೊಂಬಿನಿಂದ ನೀರು ಸುರಿದುಕೊಳ್ಳಿ. ಉರಿಗೆ ಹೆದರಿ ನೀರು ಕಡಿಮೆ ಕುಡಿದರೆ ಮೂತ್ರ ಗಾಢವಾಗಿ ಇನ್ನೂ ಉರಿಯುತ್ತದೆ. ಕೂದಲು ಬೋಳಿಸಬೇಡಿ, ಬ್ಲೇಡು ಗುಳ್ಳೆಯನ್ನು ಎಳೆದುಕೊಂಡು ಹೋಗುತ್ತದೆ. ಗಡ್ಡಕ್ಕೂ ಅದೇ ಮಾತು.

ಬಾಯಿ ಹುಣ್ಣಾಗಿದ್ದರೆ ಉಪ್ಪಿನಕಾಯಿ ಇಲ್ಲದ ಮೊಸರನ್ನ, ಆರಿದ ರಾಗಿ ಗಂಜಿ, ಎಳನೀರು. ಮೆಣಸಿನ ಸಾರು, ಮೋಸಂಬಿ, ಖಾರ ಮಿಕ್ಸ್ಚರ್ ಒಂದು ವಾರ ಬೇಡ. ತುಟಿಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚುವಾಗ ಬೆರಳನ್ನು ಡಬ್ಬಿಗೆ ಅದ್ದದೆ ಹತ್ತಿಕಡ್ಡಿ ಬಳಸಿ. ಬಿಸಿಲು ತುಟಿಯ ಹರ್ಪಿಸ್ಸನ್ನು ಎಬ್ಬಿಸುತ್ತದೆ: ಮಾರ್ಚ್-ಏಪ್ರಿಲ್‌ನಲ್ಲಿ ಸ್ಕೂಟರಿನಲ್ಲಿ ಓಡಾಡುವವರು ಎಸ್‌ಪಿಎಫ್ 30ರ ಲಿಪ್ ಬಾಮ್ ಇಟ್ಟುಕೊಳ್ಳಿ.

ಎಂಜಲಿನ ಲೆಕ್ಕ

ಅಂಟುವುದು ಚರ್ಮಕ್ಕೆ ಚರ್ಮ ತಾಗಿ. ಟಾಯ್ಲೆಟ್ ಸೀಟು, ಈಜುಕೊಳ, ಬಟ್ಟೆ ಒಗೆಯುವ ಮಷಿನ್ನಿನಿಂದಲ್ಲ. ಚುರುಚುರು ಶುರುವಾದಲ್ಲಿಂದ ಹಕ್ಕಳೆ ಉದುರಿ ಹೊಸ ಚರ್ಮ ಬರುವವರೆಗೆ ಮುತ್ತು ಬೇಡ, ಬಾಯಿಯ ಮೂಲಕದ ಕ್ರಿಯೆ ಬೇಡ, ಕೆಳಗಾಗಿದ್ದರೆ ಸಂಭೋಗ ಬೇಡ. ಮನೆಯಲ್ಲಿ ಎಳೆಗೂಸಿದ್ದರೆ ತುಟಿಗುಳ್ಳೆ ಇರುವವರು ಯಾರೇ ಆಗಲಿ ಮುದ್ದಿಸಬಾರದು, ಅತ್ತೆಯಾದರೂ ಸರಿ. ನವಜಾತ ಶಿಶುವಿಗೆ ಇದು ಪ್ರಾಣಾಪಾಯ. ಲೋಟ, ಟವೆಲ್, ಲಿಪ್‌ಸ್ಟಿಕ್ ಆ ದಿನಗಳಲ್ಲಿ ಬೇರೆ. ಚೊಂಬನ್ನು ಎತ್ತಿ ಕುಡಿಯುವ ನಮ್ಮ ಹಳೇ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ, ಬೈ-ಟು ಕಾಫಿಗೂ ಅಡ್ಡಿಯಿಲ್ಲ, ಎರಡು ಲೋಟಕ್ಕೆ ಹಾಕಿಯೇ ಕೊಡುತ್ತಾರಲ್ಲ.

ಗುಳ್ಳೆ ಇಲ್ಲದ ದಿನವೂ ಆಗೀಗ ವೈರಸ್ ಚರ್ಮದ ಮೇಲೆ ಬರುತ್ತದೆ. ಕಾಂಡೋಮ್ ಅಪಾಯ ಇಳಿಸುತ್ತದೆ, ಮುಚ್ಚದ ಜಾಗವೂ ಇರುವುದರಿಂದ ಪೂರ್ತಿ ಇಲ್ಲವಾಗಿಸದು. ದಿನಕ್ಕೊಂದು ವಾಲಸೈಕ್ಲೊವಿರ್ 500 ತೆಗೆದುಕೊಂಡರೆ ಎಚ್‌ಎಸ್‌ವಿ-2 ಸಂಗಾತಿಗೆ ದಾಟುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು. ವರ್ಷಕ್ಕೆ ಆರಕ್ಕಿಂತ ಹೆಚ್ಚು ಸಲ ಬರುವವರಿಗೂ ಇದೇ ನಿತ್ಯದ ಮಾತ್ರೆ ಉಪಯೋಗ. ಗರ್ಭಿಣಿಯಾದರೆ ಹೆರಿಗೆ ಡಾಕ್ಟರಿಗೆ ಮೊದಲ ಭೇಟಿಯಲ್ಲೇ ಹೇಳಿ; 36ನೇ ವಾರದಿಂದ ಮಾತ್ರೆ ಕೊಡುತ್ತಾರೆ, ಹೆರಿಗೆಯ ಹೊತ್ತಿಗೆ ಗುಳ್ಳೆ ಇದ್ದರೆ ಸಿಸೇರಿಯನ್.

ಹೇಳುವುದು ಹೇಗೆ

ಆಫೀಸಿಗೆ ಹೇಳಬೇಕಿಲ್ಲ, ರಜೆಯ ಚೀಟಿಯಲ್ಲಿ ‘ವೈರಲ್ ಸೋಂಕು’ ಎಂದಷ್ಟೇ ಬರೆಯಲು ಡಾಕ್ಟರನ್ನು ಕೇಳಿ, ಅದು ಸುಳ್ಳಲ್ಲ. ಸಂಗಾತಿಗೆ ಹೇಳಬೇಕು. ಹೆಣ್ಣು-ಗಂಡು ನೋಡುವ ಶಾಸ್ತ್ರದ ಮೊದಲ ಕಾಫಿಗೇ ಹೇಳಿಬಿಡುವ ಅವಸರ ಬೇಡ, ನಿಶ್ಚಿತಾರ್ಥಕ್ಕೂ ಮುಂಚೆ ಇಬ್ಬರೇ ಕೂತು ಮಾತಾಡುವ ಹಂತ ಬಂದಾಗ ಮುಚ್ಚಿಡಲೂಬೇಡಿ. ಈಗಾಗಲೇ ಜೊತೆಯಲ್ಲಿರುವವರಿಗಾದರೆ ಮುಂದಿನ ಸಲ ಹತ್ತಿರವಾಗುವ ಮುನ್ನ, ಹಗಲಿನಲ್ಲಿ, ಹಾಸಿಗೆಯಿಂದ ದೂರ. ಮಾತು ಹೀಗಿರಬಹುದು:

‘ನಿನ್ನ ಹತ್ರ ಒಂದು ವಿಷಯ ಹೇಳ್ಬೇಕು. ಟೆಸ್ಟಲ್ಲಿ ನನಗೆ ಹರ್ಪಿಸ್ ಅಂತ ಬಂದಿದೆ. ಜ್ವರ ಬಂದಾಗ ತುಟೀಲಿ ಗುಳ್ಳೆ ಏಳುತ್ತಲ್ಲ, ಅದೇ ಜಾತಿ ವೈರಸ್ಸು. ಯಾವಾಗ ಬಂತು ಅಂತ ಡಾಕ್ಟ್ರಿಗೂ ಹೇಳಕ್ಕಾಗಲ್ಲ. ಔಷಧಿ ಇದೆ. ನಿನಗೆ ತಗಲದ ಹಾಗೆ ಏನು ಮಾಡ್ಬೇಕು ಅಂತ ಕೇಳ್ಕೊಂಡು ಬಂದಿದೀನಿ. ನೀನೂ ಬೇಕಿದ್ರೆ ಡಾಕ್ಟ್ರನ್ನ ಕೇಳು, ಜೊತೇಲಿ ಹೋಗೋಣ.’

ಇಷ್ಟು ಹೇಳಿ ನಿಲ್ಲಿಸಿ. ಕ್ಷಮೆ ಕೇಳುತ್ತಾ ಹೋದರೆ ಕೇಳುವವರಿಗೆ ಇದು ಇನ್ನೂ ದೊಡ್ಡದೆಂದು ಅನಿಸುತ್ತದೆ. ರಾತ್ರಿ ನಿದ್ದೆ ಹತ್ತದೆ, ಊಟ ಸೇರದೆ, ಬದುಕೇ ಬೇಡ ಅನ್ನುವ ಮಟ್ಟಕ್ಕೆ ಹೋದರೆ ಟೆಲಿ-ಮಾನಸ್ 14416, ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತಾಡುತ್ತಾರೆ.

ಮುಂದಿನ ಸಲಕ್ಕೆ

ಕೆಳಗಿನ ಎಚ್‌ಎಸ್‌ವಿ-1 ಮೊದಲ ವರ್ಷದ ನಂತರ ಬರುವುದು ಅಪರೂಪ, 2 ಅದಕ್ಕಿಂತ ಹೆಚ್ಚು ಸಲ ಬರುತ್ತದೆ, ವರ್ಷ ಕಳೆದಂತೆ ಅದೂ ಕಡಿಮೆಯಾಗುತ್ತದೆ. ಮರುಕಳಿಸಿದಾಗ ಮಾತ್ರೆ ಫಲ ಕೊಡುವುದು ಮೊದಲ ದಿನವೇ ನುಂಗಿದರೆ. ಭಾನುವಾರ ರಾತ್ರಿ ಹತ್ತಕ್ಕೆ ಚುರುಗುಟ್ಟಿದರೆ ಡಾಕ್ಟರ ಅಪಾಯಿಂಟ್‌ಮೆಂಟ್ ಬುಧವಾರಕ್ಕೆ ಸಿಗುತ್ತದೆ, ಅಷ್ಟರಲ್ಲಿ ಹಕ್ಕಳೆಗಟ್ಟಿರುತ್ತದೆ. ಹಾಗಾಗಿ ಈಗಿನ ಭೇಟಿಯಲ್ಲೇ ಒಂದು ಕೋರ್ಸ್ ಮುಂಚಿತವಾಗಿ ಬರೆಸಿಕೊಳ್ಳಿ: ಕೆಳಗಿನದಕ್ಕೆ ಸಾಮಾನ್ಯವಾಗಿ ವಾಲಸೈಕ್ಲೊವಿರ್ 500, ದಿನಕ್ಕೆ 2, 3 ದಿನ, ತುಟಿಗಾದರೆ 2 ಗ್ರಾಂ, 12 ಗಂಟೆ ಬಿಟ್ಟು ಮತ್ತೆ 2 ಗ್ರಾಂ, ಅಷ್ಟೇ. ಜಾಗದ ಮೇಲೆ ಪ್ರಮಾಣ ಬದಲಾಗುವುದರಿಂದ ಚೀಟಿಯ ಮೇಲೆ ಯಾವುದು ಯಾವುದಕ್ಕೆಂದು ಡಾಕ್ಟರಿಂದಲೇ ಬರೆಸಿ, ಮಾತ್ರೆಯ ಸ್ಟ್ರಿಪ್ಪಿಗೆ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿಡಿ. ಸ್ಟ್ರಿಪ್ಪಿನಿಂದ ಮಾತ್ರೆ ಬಿಡಿಸುವಾಗ ಅವಧಿ ಮುಗಿಯುವ ದಿನಾಂಕ ಮುದ್ರಿಸಿದ ತುದಿಯನ್ನು ಕೊನೆಗೆ ಉಳಿಸಿ.